ಬೆನ್ನಿನಿಂದ ನೆತ್ತಿಯವರೆಗೆ: ಬೆನ್ನುಹುರಿ ಮತ್ತು ಮೆದುಳಿನ ರಚನೆಯನ್ನು ಮುಟ್ಟಿ ಕಲಿಯುವ ಕ್ರಮ

ತುಮಕೂರಿನಲ್ಲಿ ಫಿಸಿಯೊಥೆರಪಿ ವೃತ್ತಿ ನಡೆಸುತ್ತ, ಭಾನುವಾರಗಳಂದು ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ವಿದ್ಯಾರ್ಥಿಗಳಿಗೆ ಅಂಗರಚನೆಯ ಪಾಠ ಹೇಳುತ್ತ ಬಂದಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಅಧ್ಯಾಯಗಳನ್ನು ಹೇಗೋ ದಾಟುತ್ತಾರೆ. ಮೆದುಳಿನ ಅಧ್ಯಾಯಕ್ಕೆ ಬಂದಾಗ ಮಾತ್ರ ಹೆಸರುಗಳ ರಾಶಿಯ ಕೆಳಗೆ ಕುಸಿಯುತ್ತಾರೆ. ಅದಕ್ಕೆ ಅವರ ದಡ್ಡತನವಲ್ಲ, ಪುಸ್ತಕಗಳು ಹಿಡಿದ ಕ್ರಮವೇ ಕಾರಣ ಎಂಬುದು ನನ್ನ ಅಭಿಪ್ರಾಯ. ಪುಸ್ತಕಗಳು ತಲೆಯಿಂದ ಆರಂಭಿಸಿ ಕೆಳಗಿಳಿಯುತ್ತವೆ, ಆದರೆ ತಲೆಬುರುಡೆಯೊಳಗೆ ಇರುವುದು ಯಾವುದನ್ನೂ ಕೈಯಿಂದ ಮುಟ್ಟಲಾಗುವುದಿಲ್ಲ. ಬೆನ್ನುಮೂಳೆಯಾದರೋ ಅಂಗಿಯ ಕೆಳಗೇ ಇದೆ, ಅದರ ಮಣಿಗಳನ್ನು, ಎಂದರೆ ಸಾಲಾಗಿ ಪೇರಿಸಿದ ಬಿಡಿ ಮೂಳೆಗಳನ್ನು, ಬೆರಳಿಟ್ಟು ಎಣಿಸಬಹುದು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನಾವು ಬೆನ್ನಿನಿಂದ ಹೊರಟು, ಕತ್ತನ್ನು ಹಾಯ್ದು, ಕೊನೆಗೆ ನೆತ್ತಿಯನ್ನು ಮುಟ್ಟುತ್ತೇವೆ.

ಈ ಕ್ರಮವನ್ನು ನನಗೆ ಕಲಿಸಿದ್ದು ಒಂದು ಅವಮಾನ. ಎರಡನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ, ಕುತ್ತಿಗೆಯ ಎಂಟನೆಯ ನರ ಎಲ್ಲಿಂದ ಹೊರಬರುತ್ತದೆ ಎಂದು ಪರೀಕ್ಷಕರು ಕೇಳಿದಾಗ, "ಎಂಟನೆಯ ಮಣಿಯ ಕೆಳಗಿನಿಂದ ಸಾರ್" ಎಂದು ಧೈರ್ಯವಾಗಿ ಹೇಳಿದೆ. ಅವರು ನಗಲಿಲ್ಲ. "ಆ ಎಂಟನೆಯ ಮಣಿಯನ್ನು ನಿನ್ನ ಕತ್ತಿನಲ್ಲೇ ತೋರಿಸಪ್ಪ" ಎಂದರು. ಕುತ್ತಿಗೆಯಲ್ಲಿ ಇರುವುದು ಏಳೇ ಮಣಿಗಳು. ಒಂದು ಸಲವಾದರೂ ಕೈಯಿಟ್ಟು ಎಣಿಸಿದ್ದರೆ ಆ ಉತ್ತರ ಬಾಯಿಂದ ಬರುತ್ತಿರಲಿಲ್ಲ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಬೆನ್ನು ತೋರಿಸಲು ಒಪ್ಪುವ ಒಬ್ಬ ಗೆಳೆಯ ಅಥವಾ ಗೆಳತಿ, ನೀರಿನಿಂದ ಅಳಿಸಬಹುದಾದ ಸ್ಕೆಚ್ ಪೆನ್ನು, ಒಂದು ಹಿಡಿ ಜೇಡಿಮಣ್ಣು, ಅಳತೆಯ ಟೇಪು, ಹೊಲಿಗೆಯ ದಾರ, ಅರ್ಧ ಮೀಟರ್ ಸೆಣಬಿನ ಹುರಿ, ಒಂದು ತೆಂಗಿನಕಾಯಿ ಇಷ್ಟಿದ್ದರೆ ಸಾಕು. ಮಾಂಸದ ಅಂಗಡಿಗೆ ಹೋಗಲು ಸಂಕೋಚವಿಲ್ಲದವರಿಗೆ ಕೊನೆಯಲ್ಲಿ ಇನ್ನೊಂದು ಹೆಜ್ಜೆಯೂ ಇದೆ.

ಮೊದಲ ಹೆಜ್ಜೆ: ಬೆನ್ನಿನ ಮೇಲೆ ಬೆರಳಿಟ್ಟು ಎಣಿಸುವುದು

ಗೆಳೆಯನನ್ನು ಸ್ಟೂಲಿನ ಮೇಲೆ ಕೂರಿಸಿ ತಲೆಯನ್ನು ತುಸು ಬಾಗಿಸಲು ಹೇಳಿರಿ. ಅಂಗಿಯ ಕಾಲರ್ ಕೂರುವ ಜಾಗದಲ್ಲಿ ಒಂದು ಗಂಟು ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಅದೇ ಕುತ್ತಿಗೆಯ ಏಳನೆಯ ಮಣಿಯ ಮುಳ್ಳು, ಎಂದರೆ ಮಣಿಯಿಂದ ಹಿಂದಕ್ಕೆ ಚಾಚಿದ ಭಾಗ. ಕೆಲವರಲ್ಲಿ ಅಲ್ಲಿ ಎರಡು ಗಂಟುಗಳು ಸಮನಾಗಿ ಎದ್ದಿರುವುದರಿಂದ ಗೊಂದಲವಾಗುತ್ತದೆ. ಆಗ ಎರಡರ ಮೇಲೂ ಒಂದೊಂದು ಬೆರಳಿಟ್ಟು, ತಲೆಯನ್ನು ನಿಧಾನವಾಗಿ ಹಿಂದಕ್ಕೆ ಚೆಲ್ಲಲು ಹೇಳಬೇಕು. ಆರನೆಯ ಮಣಿಯ ಮುಳ್ಳು ಬೆರಳಿನಡಿಯಿಂದ ಮುಂದಕ್ಕೆ ಜಾರಿ ಮಾಯವಾಗುತ್ತದೆ, ಏಳನೆಯದು ಅಲ್ಲೇ ನಿಲ್ಲುತ್ತದೆ. ಸಿಕ್ಕಿದ ಜಾಗಕ್ಕೆ ಸ್ಕೆಚ್ ಪೆನ್ನಿನಿಂದ ಚುಕ್ಕೆಯಿಡಿ.

ಅಲ್ಲಿಂದ ಕೆಳಗಿಳಿಯುತ್ತ ಎಣಿಸಿದರೆ ಪಕ್ಕೆಲುಬುಗಳು ಕೂಡಿಕೊಳ್ಳುವ ಹನ್ನೆರಡು ಎದೆಯ ಮಣಿಗಳು, ಅವುಗಳ ಕೆಳಗೆ ಸೊಂಟದ ಐದು ಮಣಿಗಳು ಸಿಗುತ್ತವೆ. ಎಣಿಕೆ ತಪ್ಪದಂತೆ ನೋಡಿಕೊಳ್ಳಲು ಎರಡು ಗುರುತುಗಳಿವೆ. ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟಾಗ ಭುಜದ ಹಲಗೆ ಮೂಳೆಯ ಕೆಳತುದಿಯು ಸುಮಾರಾಗಿ ಎದೆಯ ಏಳನೆಯ ಮಣಿಯ ಮುಳ್ಳಿನ ನೇರಕ್ಕೆ ಬರುತ್ತದೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಾಗ ಅಂಗೈ ಊರುವ ಎಲುಬಿನ ಏಣುಗಳನ್ನು ಎರಡೂ ಕಡೆಯಿಂದ ಒಂದು ಗೆರೆಯಲ್ಲಿ ಕೂಡಿಸಿದರೆ, ಆ ಗೆರೆ ಸೊಂಟದ ನಾಲ್ಕನೆಯ ಮಣಿಯ ಆಸುಪಾಸಿನಲ್ಲಿ ಬೆನ್ನುಮೂಳೆಯನ್ನು ದಾಟುತ್ತದೆ. ಈ ಎರಡನೆಯ ಗೆರೆಯನ್ನು ಅಳಿಸಬೇಡಿ, ಮುಂದೆ ಅದರಿಂದ ಒಂದು ದೊಡ್ಡ ಕೆಲಸವಿದೆ. ಸೊಂಟದ ಕೆಳಗಿನ ಐದು ಮಣಿಗಳು ದೊಡ್ಡವರಲ್ಲಿ ಒಂದಕ್ಕೊಂದು ಬೆಸೆದು ತ್ರಿಕೋನಾಕಾರದ ಒಂದೇ ಮೂಳೆಯಾಗಿರುತ್ತವೆ. ಅದರ ತುದಿಗೆ ಸಾಮಾನ್ಯವಾಗಿ ನಾಲ್ಕು ಚಿಕ್ಕ ಮಣಿಗಳು ಕೂಡಿ ಬಾಲದ ಮೂಳೆಯಾಗಿದೆ. ಒಟ್ಟು 33.

ಈ ಸಾಲು ನೆಟ್ಟಗಿಲ್ಲ ಎಂಬುದನ್ನು ಗೆಳೆಯನನ್ನು ಪಕ್ಕದಿಂದ ನೋಡಿ ತಿಳಿಯಿರಿ. ಹುಟ್ಟಿದ ಮಗುವಿನ ಬೆನ್ನು ಒಂದೇ ಬಿಲ್ಲಿನಂತೆ ಬಾಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ "ಮಗುವಿಗೆ ಕತ್ತು ನಿಂತಿದೆ" ಎಂದು ಮನೆಯವರು ಹೇಳುವ ಹೊತ್ತಿಗೆ ಕುತ್ತಿಗೆಯಲ್ಲಿ ಮುಂದಕ್ಕೆ ಉಬ್ಬಿದ ಡೊಂಕು ಮೂಡಿಕೊಂಡಿರುತ್ತದೆ. ಎದ್ದು ನಿಂತು ಹೆಜ್ಜೆ ಹಾಕುವ ಹೊತ್ತಿಗೆ ಸೊಂಟದ ಡೊಂಕೂ ಬರುತ್ತದೆ.

ಎರಡನೆಯ ಹೆಜ್ಜೆ: ಒಂದು ಮಣಿಯನ್ನು ಮಣ್ಣಿನಲ್ಲಿ ಮಾಡುವುದು

ಜೇಡಿಮಣ್ಣಿನಿಂದ ದಪ್ಪ ನಿಪ್ಪಟ್ಟಿನಂಥ ಒಂದು ಬಿಲ್ಲೆ ಮಾಡಿರಿ. ಇದು ಭಾರ ಹೊರುವ ಭಾಗ, ದೇಹದೊಳಗೆ ಮುಂದಿನ ಬದಿಗೆ ಇರುತ್ತದೆ. ಅದರ ಹಿಂಬದಿಗೆ ಅರ್ಧ ಕೋಡುಬಳೆಯನ್ನು ಅಂಟಿಸಿದಂತೆ ಒಂದು ಕಮಾನು ಅಂಟಿಸಿ, ಕಮಾನಿನ ನೆತ್ತಿಗೆ ಹಿಂದಕ್ಕೆ ಚಾಚಿದ ಒಂದು ಮುಳ್ಳನ್ನೂ ಎರಡು ಪಕ್ಕಗಳಿಗೆ ಎರಡು ರೆಕ್ಕೆಗಳನ್ನೂ ಸೇರಿಸಿರಿ. ಮೊದಲ ಹೆಜ್ಜೆಯಲ್ಲಿ ನಿಮ್ಮ ಬೆರಳಿಗೆ ಸಿಕ್ಕಿದ್ದು ಈ ಮುಳ್ಳಿನ ತುದಿ ಮಾತ್ರ; ಉಳಿದದ್ದೆಲ್ಲ ಒಳಗಿದೆ. ಇಂತಹ ಮೂರು ಮಣಿಗಳನ್ನು ಮಾಡಿ ಒಂದರ ಮೇಲೊಂದು ಪೇರಿಸಿದಾಗ ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ. ಬಿಲ್ಲೆಗೂ ಕಮಾನಿಗೂ ನಡುವಿನ ತೂತುಗಳು ಸಾಲಾಗಿ ಕೂಡಿ ಒಂದು ಕೊಳವೆಯಾಗುತ್ತದೆ: ಬೆನ್ನುಹುರಿಯ ಮನೆ ಅದು. ಮೇಲಿನ ಮಣಿಗೂ ಕೆಳಗಿನ ಮಣಿಗೂ ನಡುವೆ ಎಡಬಲಗಳಲ್ಲಿ ಒಂದೊಂದು ಕಿಂಡಿ ಉಳಿಯುತ್ತದೆ: ನರಗಳು ಹೊರಬರುವುದು ಅಲ್ಲಿಂದ.

ಕುತ್ತಿಗೆಯ ಮೊದಲೆರಡು ಮಣಿಗಳು ಈ ಅಚ್ಚಿನವಲ್ಲ. ಮೊದಲನೆಯದಕ್ಕೆ ಬಿಲ್ಲೆಯೇ ಇಲ್ಲ, ಅದು ಬರಿಯ ಬಳೆ. ಎರಡನೆಯದರ ಮೇಲೆ ಗೂಟದಂತೆ ಎದ್ದ ಒಂದು ಮುಂಚಾಚು ಆ ಬಳೆಯೊಳಗೆ ತೂರಿಕೊಂಡಿದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿ ಹೌದೆನ್ನುವಾಗ ಬುರುಡೆಯು ಮೊದಲ ಮಣಿಯ ಮೇಲೆ ತೂಗುತ್ತದೆ. ಇಲ್ಲವೆಂದು ತಲೆ ತಿರುಗಿಸುವಾಗ ಮೊದಲ ಮಣಿಯು ಗೂಟದ ಸುತ್ತ ತಿರುಗುತ್ತದೆ. ನಾವು "ಆಯ್ತು, ಸರಿ" ಎನ್ನುತ್ತ ತಲೆಯನ್ನು ಪಕ್ಕಕ್ಕೆ ತೂಗುತ್ತೇವಲ್ಲ, ಅದರ ಹೆಚ್ಚಿನ ಪಾಲು ನಡೆಯುವುದು ಎರಡನೆಯ ಮಣಿಯಿಂದ ಕೆಳಗೆ. ಪರದೇಶದ ಪುಸ್ತಕಗಳು ಹೌದು, ಇಲ್ಲ ಎರಡನ್ನೇ ಹೇಳಿ ಮುಗಿಸುವುದರಿಂದ ಇದನ್ನು ನಾನೇ ಸೇರಿಸಿ ಹೇಳುತ್ತೇನೆ.

ಎರಡನೆಯ ಮಣಿಯಿಂದ ಕೆಳಗೆ ಪ್ರತಿ ಎರಡು ಬಿಲ್ಲೆಗಳ ನಡುವೆ ಒಂದೊಂದು ಡಿಸ್ಕ್ ಇದೆ, ಒಟ್ಟು 23. ಹೊರಗೆ ನಾರಿನ ಸುತ್ತು, ಒಳಗೆ ನೀರು ಹೀರಿಕೊಂಡ ಮೆತ್ತನೆಯ ತಿರುಳು. ದಿನವಿಡೀ ನಿಂತು ಕುಳಿತು ಒತ್ತಡ ಬಿದ್ದಂತೆ ಡಿಸ್ಕುಗಳು ನೀರು ಕಳೆದುಕೊಂಡು ತೆಳುವಾಗುವುದರಿಂದ, ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗಿನ ಎತ್ತರವು ಸಂಜೆಗಿಂತ ಒಂದು ಸೆಂಟಿಮೀಟರಿಗೂ ಮಿಕ್ಕಿ ಹೆಚ್ಚಿರುತ್ತದೆ. ಗೋಡೆಗೆ ಗುರುತು ಹಾಕಿ ನೀವೇ ಪರೀಕ್ಷಿಸಬಹುದು. ನಾರಿನ ಸುತ್ತು ಹರಿದು ತಿರುಳು ಹೊರಗೆ ನುಗ್ಗಿದಾಗ ಜನ "ಡಿಸ್ಕ್ ಜಾರಿದೆ" ಎನ್ನುತ್ತಾರೆ, ನಿಜವಾಗಿ ಜಾರುವುದು ಏನೂ ಇಲ್ಲ. ತಿರುಳು ಹೆಚ್ಚಾಗಿ ಹಿಂದಕ್ಕೆ ಮತ್ತು ಪಕ್ಕಕ್ಕೆ ನುಗ್ಗುತ್ತದೆ. ಸೊಂಟದ ನಾಲ್ಕು ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕು ನುಗ್ಗಿದರೆ ಸಾಮಾನ್ಯವಾಗಿ ಒತ್ತುವುದು ಐದನೆಯ ನರವನ್ನು, ಏಕೆಂದರೆ ನಾಲ್ಕನೆಯ ನರ ಡಿಸ್ಕಿಗಿಂತ ಮೇಲೇ ಕಿಂಡಿಯಿಂದ ಹೊರಟುಹೋಗಿರುತ್ತದೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಇಲ್ಲಿ ಎಡವುವಷ್ಟು ಮತ್ತೆಲ್ಲೂ ಎಡವುವುದಿಲ್ಲ.

ಮಣಿಗಳನ್ನು ಉದ್ದಕ್ಕೂ ಕಟ್ಟಿಹಾಕಿರುವ ಪಟ್ಟಿಗಳನ್ನು, ಎಂದರೆ ಲಿಗಮೆಂಟುಗಳನ್ನು, ಹೆಚ್ಚಿನ ಪುಸ್ತಕಗಳು ಅರ್ಧ ಪುಟದಲ್ಲಿ ಮುಗಿಸುತ್ತವೆ. ನಮ್ಮ ಜಿಲ್ಲೆಯಲ್ಲಿ ಹಾಗೆ ಮುಗಿಸುವಂತಿಲ್ಲ. ಪಾವಗಡದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ಎಲ್ಲರಿಗೂ ತಿಳಿದ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಹತ್ತಾರು ವರ್ಷ ಕುಡಿದವರಲ್ಲಿ ಮೂಳೆ ಗಡುಸಾಗುವುದಲ್ಲದೆ, ಬಳುಕಬೇಕಾದ ಈ ಪಟ್ಟಿಗಳೂ ಸುಣ್ಣಗಟ್ಟಿ ಮೂಳೆಯಂತಾಗುತ್ತವೆ. ಬೆನ್ನು ಬಾಗುವುದಿಲ್ಲ, ಕತ್ತು ತಿರುಗುವುದಿಲ್ಲ. ಕೊಳವೆಯೇ ಕಿರಿದಾಗಿ ಬೆನ್ನುಹುರಿ ಒತ್ತಿಕೊಂಡರೆ ಕಾಲುಗಳು ಸೆಟೆದು ನಡಿಗೆ ಕೆಡುತ್ತದೆ. ಹಳ್ಳಿಯಲ್ಲಿ ಮೂರು ಸರಳ ಪರೀಕ್ಷೆಗಳಿಂದ ಶಂಕೆ ಪಡಬಹುದು: ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ನನ್ನ ಬಳಿ ಬಂದಿದ್ದ ಆ ಕಡೆಯ ಒಬ್ಬ ಅಜ್ಜಿ ಯಾರಾದರೂ ಹಿಂದಿನಿಂದ ಕರೆದರೆ ಕತ್ತನ್ನು ತಿರುಗಿಸದೆ, ಪಾದಗಳನ್ನೇ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಸುತ್ತಿಸಿ, ಇಡೀ ದೇಹದೊಂದಿಗೆ ತಿರುಗುತ್ತಿದ್ದರು. ಲಿಗಮೆಂಟಿನ ಕೆಲಸವೇನೆಂದು ಅಂದು ನನ್ನ ವಿದ್ಯಾರ್ಥಿಗಳಿಗೆ ಬೇರೆ ವಿವರಿಸಬೇಕಾಗಲಿಲ್ಲ.

ಮೂರನೆಯ ಹೆಜ್ಜೆ: ಮನೆ ಎಪ್ಪತ್ತು, ಹುರಿ ನಲವತ್ತೈದು

ಇಡೀ ವಿಷಯದ ಕೀಲಿ ಈ ಹೆಜ್ಜೆಯಲ್ಲಿದೆ, ಆದ್ದರಿಂದ ಆತುರ ಬೇಡ. 70 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಯೊಂದನ್ನು ಕತ್ತರಿಸಿ ಗೋಡೆಗೆ ಅಂಟಿಸಿರಿ. ಬೆಳೆದ ಗಂಡಸಿನ ಬೆನ್ನುಮೂಳೆ ಹೆಚ್ಚುಕಡಿಮೆ ಅಷ್ಟು ಉದ್ದವಿರುತ್ತದೆ. ಮೇಲಿನಿಂದ 12 ಸೆಂಟಿಮೀಟರ್ ಕುತ್ತಿಗೆಗೆ, ಮುಂದಿನ 28 ಎದೆಗೆ, ಆಮೇಲಿನ 18 ಸೊಂಟಕ್ಕೆ, ಉಳಿದ 12 ಬೆಸೆದ ಮೂಳೆಗಳಿಗೆ ಎಂದು ಗೆರೆ ಎಳೆದು, ಪ್ರತಿ ಭಾಗವನ್ನೂ ಅದರ ಮಣಿಗಳ ಲೆಕ್ಕಕ್ಕೆ ವಿಂಗಡಿಸಿರಿ. ಈಗ ಸೆಣಬಿನ ಹುರಿಯನ್ನು 45 ಸೆಂಟಿಮೀಟರಿಗೆ ಕತ್ತರಿಸಿ, ಅದರ ತಲೆಯನ್ನು ಪಟ್ಟಿಯ ತಲೆಗೆ ಹೊಂದಿಸಿ ಇಳಿಬಿಡಿರಿ. ಹುರಿಯ ಕೆಳತುದಿ ಎಲ್ಲಿ ನಿಂತಿತು? ಸೊಂಟದ ಎರಡನೆಯ ಮಣಿಯಲ್ಲಿ, ಅದರ ಮೇಲಂಚಿಗಿಂತ ತುಸು ಕೆಳಗೆ. ನಿಮ್ಮ ದೇಹದಲ್ಲೂ ಬೆನ್ನುಹುರಿ ಮುಗಿಯುವುದು ಸರಿಸುಮಾರು ಅಲ್ಲಿಯೇ.

ಹುರಿ ಮೊದಲಿನಿಂದಲೂ ಗಿಡ್ಡವಾಗಿರಲಿಲ್ಲ. ಗರ್ಭದಲ್ಲಿ ಮೂರು ತಿಂಗಳಾಗುವವರೆಗೆ ಹುರಿಯೂ ಕೊಳವೆಯೂ ಸಮನಾಗಿರುತ್ತವೆ. ಆಮೇಲೆ ಮೂಳೆ ಬೇಗ ಬೇಗ ಬೆಳೆಯುತ್ತದೆ, ಹುರಿ ಹಿಂದುಳಿಯುತ್ತದೆ. ಹುಟ್ಟುವ ಹೊತ್ತಿಗೆ ಹುರಿಯ ತುದಿ ಸೊಂಟದ ಮೂರನೆಯ ಮಣಿಯ ಬಳಿಗೆ ಸರಿದಿರುತ್ತದೆ. ಆದರೆ ಪ್ರತಿ ನರಕ್ಕೂ ತಾನು ಹೊರಬೀಳುವ ಕಿಂಡಿ ಮೊದಲೇ ಗೊತ್ತಾಗಿಬಿಟ್ಟಿರುವುದರಿಂದ, ಕೆಳಗಿನ ನರಗಳು ಹುರಿಯಿಂದ ಹೊರಟ ಮೇಲೂ ತಮ್ಮ ಕಿಂಡಿಯನ್ನು ಅರಸಿಕೊಂಡು ಕೊಳವೆಯೊಳಗೇ ಉದ್ದಕ್ಕೆ ಇಳಿಯಬೇಕಾಗುತ್ತದೆ. ಹುರಿಯ ತುದಿಯಿಂದ ಕೆಳಗೆ ಇಳಿಬಿದ್ದ ಈ ನರಗಳ ಕಂತೆಗೆ ಕುದುರೆಯ ಬಾಲವೆಂದು ಹೆಸರು.

ಹುರಿಯಿಂದ ಹೊರಡುವ ನರಗಳು 31 ಜೊತೆ: ಕುತ್ತಿಗೆಯಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 5, ಬಾಲದಲ್ಲಿ 1. ಹೊಲಿಗೆಯ ದಾರದಿಂದ ಇವನ್ನು ಹುರಿಗೆ ಕಟ್ಟಿ, ಇನ್ನೊಂದು ತುದಿಯನ್ನು ಆಯಾ ಮಣಿಯ ಬಳಿ ಕಾಗದಕ್ಕೆ ಅಂಟಿಸಿರಿ. ಕುತ್ತಿಗೆಯಲ್ಲಿ ಮೊದಲ ನರವು ಮೊದಲ ಮಣಿಯ ಮೇಲಿನಿಂದ ಹೊರಡುತ್ತದೆ; ಹಾಗೆಯೇ ಏಳೂ ನರಗಳು ತಮ್ಮ ಮಣಿಯ ಮೇಲಿನಿಂದ ಹೊರಟರೆ, ಏಳನೆಯ ಮಣಿಯ ಕೆಳಗೆ ಒಂದು ಕಿಂಡಿ ಉಳಿಯುತ್ತದೆ. ಎಂಟನೆಯ ನರ ಅದರದು. ಅಲ್ಲಿಂದಾಚೆಗೆ ಪ್ರತಿ ನರವೂ ತನ್ನ ಹೆಸರಿನ ಮಣಿಯ ಕೆಳಗಿನಿಂದ ಹೊರಡುತ್ತದೆ. ನಾನು ಕಲಿಯದೆ ಪರೀಕ್ಷೆಗೆ ಹೋದ ಪಾಠ ಇಷ್ಟೇ.

ದಾರಗಳನ್ನು ಕಟ್ಟಿ ಮುಗಿಸಿದಾಗ ಮೇಲಿನವು ಅಡ್ಡವಾಗಿ, ಕೆಳಗಿನವು ಹೆಚ್ಚು ಹೆಚ್ಚು ಓರೆಯಾಗಿ ಕಾಣುತ್ತವೆ. ಹಾಗಾದರೆ ಹೊರಗಿನ ಮೂಳೆಯ ಸಂಖ್ಯೆಯೂ ಒಳಗಿನ ಹುರಿಯ ಸಂಖ್ಯೆಯೂ ಒಂದೇ ಆಗಿರಲಾರವು. ಎದೆಯ ಹತ್ತನೆಯ ಮಣಿಯ ಮುಳ್ಳಿನ ಒಳಗಡೆ ಆಗಲೇ ಹುರಿಯ ಸೊಂಟದ ಭಾಗ ಆರಂಭವಾಗಿರುತ್ತದೆ. ಸೊಂಟದ ಮೊದಲ ಮಣಿಯ ಒಳಗಡೆ ಮಲಮೂತ್ರಗಳ ಹಿಡಿತಕ್ಕೆ ಸಂಬಂಧಿಸಿದ ಕೊನೆಯ ಭಾಗವಿರುತ್ತದೆ.

ಇದು ಬರಿಯ ಲೆಕ್ಕವಲ್ಲ. ತಿಪಟೂರು, ಗುಬ್ಬಿ, ಚಿಕ್ಕನಾಯಕನಹಳ್ಳಿಗಳ ತೋಟಗಳಲ್ಲಿ ತೆಂಗಿನ ಮರದಿಂದ ಕೆಳಗೆ ಬೀಳುವವರು ಕುಂಡಿಯ ಮೇಲೆ ಬಿದ್ದಾಗ, ಪಕ್ಕೆಲುಬಿನ ಗೂಡಿಗೆ ಸೇರಿ ಬಿಗಿಯಾಗಿರುವ ಎದೆಯ ಮಣಿಗಳು ಸಡಿಲವಾಗಿ ಬಾಗುವ ಸೊಂಟದ ಮಣಿಗಳನ್ನು ಕೂಡುವ ಜಾಗದಲ್ಲೇ ಮೂಳೆ ಮುರಿಯುವುದು ಹೆಚ್ಚು. ಮುರಿತ ಕಾಣುವುದು ಒಂದೇ ಮಣಿಯಲ್ಲಿ, ಆದರೆ ಅದರೊಳಗೆ ಕಾಲುಗಳ, ಮೂತ್ರಕೋಶದ ಭಾಗಗಳು ಒತ್ತೊತ್ತಾಗಿ ಸೇರಿಕೊಂಡಿರುವುದರಿಂದ ಒಂದೇ ಪೆಟ್ಟಿಗೆ ಎಲ್ಲವೂ ಕೈಕೊಡಬಹುದು. ಬಿದ್ದವನನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿ, ನೀರು ಕುಡಿಸಿ, ಆಟೋದ ಸೀಟಿನಲ್ಲಿ ಮಡಿಸಿ ಕೂರಿಸಿಕೊಂಡು ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೂಳೆ ಮಾತ್ರ ಮುರಿದು ಹುರಿ ಉಳಿದಿದ್ದರೂ ಹಾಗೆ ಬಗ್ಗಿಸಿದಾಗ ಮುರಿದ ಚೂರು ಹುರಿಯನ್ನು ಜಜ್ಜಬಹುದು. ಬಿದ್ದವನನ್ನು ಅಲ್ಲೇ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಕದಲಿಸಲೇಬೇಕಾದರೆ ಮೂರು ನಾಲ್ಕು ಮಂದಿ ಸೇರಿ, ತಲೆ, ಭುಜ, ಸೊಂಟ, ಕಾಲುಗಳನ್ನು ಮರದ ದಿಮ್ಮಿಯನ್ನು ಉರುಳಿಸುವಂತೆ ಒಟ್ಟಿಗೆ ಹೊರಳಿಸಿ, ಬಾಗದ ಹಲಗೆಯ ಮೇಲೆ ತರಬೇಕು.

ಈಗ ಮೊದಲ ಹೆಜ್ಜೆಯಲ್ಲಿ ಅಳಿಸದೆ ಬಿಟ್ಟ ಸೊಂಟದ ಗೆರೆಗೆ ಹಿಂತಿರುಗೋಣ. ಸಿಸೇರಿಯನ್ ಹೆರಿಗೆಗೆ ಬೆನ್ನಿಗೆ ಕೊಡುವ ಅರಿವಳಿಕೆಯ ಸೂಜಿಯು ಸಾಮಾನ್ಯವಾಗಿ ಹೋಗುವುದು ಈ ಗೆರೆಯ ಬಳಿ, ಮೂರು ಮತ್ತು ನಾಲ್ಕನೆಯ ಮಣಿಗಳ ನಡುವೆ ಅಥವಾ ಅದಕ್ಕೂ ಒಂದು ಕಿಂಡಿ ಕೆಳಗೆ. ಹುರಿ ಅದಕ್ಕಿಂತ ಮೇಲೇ ಮುಗಿದಿದೆ. ಅಲ್ಲಿರುವುದು ದ್ರವ ಮತ್ತು ಅದರಲ್ಲಿ ತೇಲುವ ಕುದುರೆಬಾಲದ ನರಗಳು ಮಾತ್ರ. ಸೂಜಿ ತಾಗಿದರೆ ಆ ನರಗಳು ನೀರಿನಲ್ಲಿ ತೇಲುವ ನೂಲಿನಂತೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. "ಬೆನ್ನಿಗೆ ಸೂಜಿ ಹಾಕ್ಸಿದ್ಮೇಲೇ ಹುರಿ ಕೆಟ್ಟೋಯ್ತು" ಎನ್ನುವ ಬಾಣಂತಿಯರಿಗೆ ಈ ಕಾಗದದ ಪಟ್ಟಿಯನ್ನೇ ತೋರಿಸಿ ಮಾತಾಡುತ್ತೇನೆ.

ನಾಲ್ಕನೆಯ ಹೆಜ್ಜೆ: ನರಗಳ ನಕ್ಷೆಯನ್ನು ಚರ್ಮದ ಮೇಲೆ ಬರೆಯುವುದು

ಹುರಿಯನ್ನು ಅಡ್ಡ ಕತ್ತರಿಸಿ ನೋಡಿದರೆ ನಡುವೆ ಚಿಟ್ಟೆಯ ಆಕಾರದ ಬೂದು ಭಾಗ, ಸುತ್ತಲೂ ಬಿಳಿಯ ಭಾಗ ಕಾಣುತ್ತದೆ. ಬೂದು ಭಾಗದಲ್ಲಿ ನರಕೋಶಗಳ ಒಡಲುಗಳಿವೆ. ಬಿಳಿಯದರಲ್ಲಿ ಮೇಲಕ್ಕೂ ಕೆಳಕ್ಕೂ ಓಡುವ ತಂತುಗಳಿವೆ. ಸ್ಪರ್ಶ, ನೋವು, ಬಿಸಿ ತಣ್ಣಗಿನ ಸುದ್ದಿಗಳು ಹಿಂಬದಿಯ ಬೇರಿನಿಂದ ಒಳಬರುತ್ತವೆ. ಸ್ನಾಯುಗಳಿಗೆ ಹೋಗುವ ಅಪ್ಪಣೆಗಳು ಮುಂಬದಿಯ ಬೇರಿನಿಂದ ಹೊರಡುತ್ತವೆ. ಎರಡೂ ಬೇರುಗಳು ಕೂಡಿ ಒಂದು ನರವಾಗುತ್ತದೆ.

ಪ್ರತಿ ನರಕ್ಕೂ ಚರ್ಮದ ಮೇಲೆ ತನ್ನದೇ ಸರಹದ್ದು ಇದೆ. ಹೆಬ್ಬೆರಳಿಗೆ 6, ನಡುಬೆರಳಿಗೆ 7, ಕಿರುಬೆರಳಿಗೆ 8 ಎಂದು ಬರೆಯಿರಿ. ಇವು ಕುತ್ತಿಗೆಯ ನರಗಳು. ಗಂಡಸರಾದರೆ ಮೊಲೆತೊಟ್ಟಿನ ಮಟ್ಟಕ್ಕೆ ಎದೆಯ 4, ಹೊಕ್ಕುಳಿಗೆ ಎದೆಯ 10. ಕಾಲಿನ ಹೆಬ್ಬೆರಳಿನ ಕಡೆಗೆ ಸೊಂಟದ 5, ಕಿರುಬೆರಳಿನ ಕಡೆಗೆ ಅದರ ಕೆಳಗಿನ ಗುಂಪಿನ 1. ಕೂತಾಗ ನೆಲಕ್ಕೆ ತಾಗುವ ಜಾಗ ಕಟ್ಟಕಡೆಯ ನರಗಳದು. ಬೆನ್ನುನೋವಿನ ರೋಗಿ ಆ ಜಾಗ ಜೋಮು ಹಿಡಿದಿದೆ, ಮೂತ್ರ ಕಟ್ಟಿದೆ ಎಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಕುತ್ತಿಗೆಯ 3, 4, 5ನೆಯ ನರಗಳು ಕೂಡಿ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ನಡೆಸುತ್ತವೆ. ಆದ್ದರಿಂದ ಕತ್ತಿನ ಮೇಲ್ಭಾಗದಲ್ಲಿ ಹುರಿ ಪೂರ್ತಿ ಕಡಿದುಹೋದವನು ಯಂತ್ರದ ನೆರವಿಲ್ಲದೆ ಉಸಿರಾಡಲಾರ.

ಐದನೆಯ ಹೆಜ್ಜೆ: ಕತ್ತಿನಿಂದ ತಲೆಯೊಳಕ್ಕೆ

ಹಿಂದಲೆಯ ತಗ್ಗಿನಲ್ಲಿ ಹೆಬ್ಬೆರಳಿಟ್ಟು ಒತ್ತಿರಿ. ಆ ಜಾಗದಲ್ಲೇ, ಸ್ನಾಯುಗಳ ಆಳದಲ್ಲಿ, ಬುರುಡೆಯ ತಳದ ದೊಡ್ಡ ತೂತಿನ ಮೂಲಕ ಬೆನ್ನುಹುರಿ ಒಳಗೆ ಹೋಗುತ್ತದೆ. ಒಳಗೆ ಹೋದ ಹುರಿ ದಪ್ಪವಾಗಿ ಮೆದುಳಿನ ಕಾಂಡವಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಮೆಡುಲ್ಲಾ, ಪಾನ್ಸ್, ಮಧ್ಯಮೆದುಳು ಎಂದು ಮೂರೇ ಹೆಸರು. ಉಸಿರಾಟ ಮತ್ತು ಹೃದಯದ ಬಡಿತದ ಲಯವನ್ನು ಕಾಯುವ ಕೇಂದ್ರಗಳು ಇಲ್ಲಿವೆ. ತಲೆಯ 12 ಜೊತೆ ನರಗಳಲ್ಲಿ ಮೊದಲೆರಡನ್ನು ಬಿಟ್ಟರೆ ಬಹುತೇಕ ಎಲ್ಲವೂ ಇದರಿಂದಲೇ ಹೊರಡುತ್ತವೆ.

ಮೆಡುಲ್ಲಾದ ಕೆಳತುದಿಯಲ್ಲಿ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ತಂತುಗಳಲ್ಲಿ ಹೆಚ್ಚಿನವು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿಬಿಡುತ್ತವೆ. ಬಲಗೈ ಬಲಗಾಲಿಗೆ ಲಕ್ವ ಹೊಡೆದವನ ಎಡ ಮೆದುಳಿನಲ್ಲಿ ತೊಂದರೆಯನ್ನು ಹುಡುಕುವುದು ಇದಕ್ಕಾಗಿ. ಅವನ ಮಾತೂ ನಿಂತಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ: ಮಾತಾಡಿಸುವ ಭಾಗ ಹೆಚ್ಚಿನವರಲ್ಲಿ ಎಡಗಡೆ ಇದೆ. ಅದು ಮೆದುಳಿನ ಮುಂಭಾಗದಲ್ಲಿದೆ ಎಂಬುದನ್ನು, "ಟ್ಯಾನ್" ಎಂಬ ಒಂದೇ ಶಬ್ದವನ್ನು ಆಡಬಲ್ಲವನಾಗಿದ್ದ ರೋಗಿಯೊಬ್ಬನ ಮೆದುಳನ್ನು ಆತನ ಮರಣದ ನಂತರ ಪರೀಕ್ಷಿಸಿ, ಫ್ರಾನ್ಸಿನ ಪಾಲ್ ಬ್ರೋಕಾ 1861ರಲ್ಲಿ ತೋರಿಸಿದರು.

ಆರನೆಯ ಹೆಜ್ಜೆ: ತೆಂಗಿನಕಾಯಿಯಿಂದ ಪೊರೆಗಳನ್ನು ಅರಿಯುವುದು

ಮೆದುಳಿನ ಹೊದಿಕೆಗಳನ್ನು ಕಲಿಯಲು ನಮ್ಮ ಜಿಲ್ಲೆಯವರಿಗೆ ತೆಂಗಿನಕಾಯಿಗಿಂತ ಹತ್ತಿರದ ವಸ್ತು ಇಲ್ಲ. ಸಿಪ್ಪೆ ತಲೆಯ ಚರ್ಮವಾದರೆ ಕರಟ ಬುರುಡೆ. ಕರಟದೊಳಗೆ ಕಾಯಿಗೆ ಅಂಟಿಕೊಂಡಿರುವ ಕಂದು ಸಿಪ್ಪೆಯ ಜಾಗದಲ್ಲಿ ಮೂರು ಪೊರೆಗಳನ್ನು ಊಹಿಸಿಕೊಳ್ಳಿ: ಬುರುಡೆಗೆ ಒಳಗಿನಿಂದ ಅಂಟಿದ ದಪ್ಪನೆಯ ಡ್ಯೂರಾ, ಅದರೊಳಗೆ ಜೇಡರ ಬಲೆಯಂಥ ಅರಾಕ್ನಾಯ್ಡ್, ಮೆದುಳಿನ ಪ್ರತಿ ಮಡಿಕೆಗೂ ಇಳಿದು ಅಂಟಿದ ತೆಳು ಪಯಾ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ತಿಳಿನೀರಿನಂಥ ದ್ರವವಿದೆ. ಒಮ್ಮೆಗೆ ಇರುವುದು ಸುಮಾರು 150 ಮಿಲಿಲೀಟರ್. ದಿನಕ್ಕೆ ಉತ್ಪತ್ತಿಯಾಗುವುದು ಅರ್ಧ ಲೀಟರಿನಷ್ಟು. ಮೆದುಳಿನೊಳಗಿನ ಕುಹರಗಳಲ್ಲಿ ಹುಟ್ಟಿ, ಹಿಂಬದಿಯ ಕಿಂಡಿಗಳಿಂದ ಹೊರಬಂದು, ಹುರಿಯನ್ನೂ ಸುತ್ತಿ, ಕೊನೆಗೆ ನೆತ್ತಿಯ ಉದ್ದಕ್ಕೂ ಇರುವ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ. 1,400 ಗ್ರಾಂ ತೂಗುವ ಮೆದುಳು ಈ ದ್ರವದಲ್ಲಿ ತೇಲುವುದರಿಂದ ಅದರ ಭಾರ 50 ಗ್ರಾಮಿನಷ್ಟಕ್ಕೆ ಇಳಿದಂತಾಗುತ್ತದೆ.

ಇನ್ನು ತಿಪಟೂರಿನ ಉಂಡೆ ಕೊಬ್ಬರಿಯನ್ನು ನೆನೆಯಿರಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯಲ್ಲಿ ನೀರು ಬತ್ತಿ, ಕೊಬ್ಬರಿ ಕುಗ್ಗಿ, ಕರಟದಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ವಯಸ್ಸಾದವರ ಮೆದುಳೂ ತುಸು ಕುಗ್ಗುತ್ತದೆ. ಆಗ ಮೆದುಳಿನಿಂದ ಡ್ಯೂರಾಕ್ಕೆ ಹಾಯುವ ಸಣ್ಣ ರಕ್ತನಾಳಗಳು ಬಿಗಿದು ನಿಂತಿರುತ್ತವೆ. ಬಚ್ಚಲಲ್ಲಿ ಜಾರಿ ತಲೆಗೆ ತಗುಲಿದ ಸಣ್ಣ ಪೆಟ್ಟಿಗೂ ಅವು ಹರಿದು, ಡ್ಯೂರಾದ ಕೆಳಗೆ ರಕ್ತ ವಾರಗಟ್ಟಲೆ ನಿಧಾನವಾಗಿ ತುಂಬಬಹುದು. "ತಾತ ಈಚೆಗೆ ಮಂಕಾಗಿದ್ದಾರೆ" ಎಂದು ಮನೆಯವರು ವಯಸ್ಸಿನ ಮೇಲೆ ಹಾಕುವ ಲಕ್ಷಣಕ್ಕೆ ಹೋದ ತಿಂಗಳ ಆ ಪೆಟ್ಟೇ ಕಾರಣವಾಗಿರುವುದುಂಟು. ಇದಕ್ಕೆ ತೀರ ಬೇರೆಯಾದದ್ದು ಕಪಾಳದ ಮೇಲಿನ ತೆಳು ಮೂಳೆ ಮುರಿದು, ಅದರ ಒಳಗಡೆ ಓಡುವ ಶುದ್ಧರಕ್ತದ ನಾಳ ಹರಿದಾಗ ಆಗುವ ರಕ್ತಸ್ರಾವ: ಬೈಕಿನಿಂದ ಬಿದ್ದವನು ಎದ್ದು ಕೂತು ಚೆನ್ನಾಗಿ ಮಾತಾಡಿ, ಕೆಲವು ಗಂಟೆಗಳಲ್ಲೇ ಪ್ರಜ್ಞೆ ತಪ್ಪುತ್ತಾನೆ.

ಏಳನೆಯ ಹೆಜ್ಜೆ: ದಾರ ಹಿಡಿದು ತಲೆಯನ್ನು ಅಳೆಯುವುದು

ಎರಡು ಹುಬ್ಬುಗಳ ನಡುವೆ ಮೂಗು ಆರಂಭವಾಗುವ ತಗ್ಗಿನಿಂದ, ನೆತ್ತಿಯ ಮೇಲೆ ಹಾಯ್ದು, ಹಿಂದಲೆಯ ನಡುಮಧ್ಯದಲ್ಲಿ ಬೆರಳಿಗೆ ಸಿಗುವ ಉಬ್ಬಿನವರೆಗೆ ದಾರ ಹಿಡಿಯಿರಿ. ದಾರವನ್ನು ಅರ್ಧಕ್ಕೆ ಮಡಿಸಿ ನಡುಬಿಂದುವನ್ನು ಗುರುತಿಸಿ, ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಸರಿಯಿರಿ. ಮೆದುಳಿನ ಮೇಲ್ಮೈಯ ಮುಖ್ಯ ಕಾಲುವೆಯೊಂದು ಅಲ್ಲಿಂದ ಹೊರಟು, ಕಿವಿಯ ಮುಂದಿನ ಕಡೆಗೆ ಓರೆಯಾಗಿ ಇಳಿಯುತ್ತದೆ. ಕಾಲುವೆಯ ಮುಂದಿನ ದಂಡೆ ದೇಹವನ್ನು ಚಲಿಸುತ್ತದೆ, ಹಿಂದಿನ ದಂಡೆ ಸ್ಪರ್ಶವನ್ನು ಅರಿಯುತ್ತದೆ. ಎರಡೂ ದಂಡೆಗಳಲ್ಲಿ ದೇಹ ತಲೆಕೆಳಗಾಗಿದೆ: ಪಾದ ನೆತ್ತಿಯ ನಡುವಿನಲ್ಲಿ, ಕೈ ಪಕ್ಕದಲ್ಲಿ, ಮುಖ ಮತ್ತು ನಾಲಿಗೆ ಕೆಳಗೆ. ಬೆನ್ನಿಗಿಂತ ಹೆಬ್ಬೆರಳಿಗೂ ತುಟಿಗೂ ಸಿಕ್ಕ ಜಾಗ ಬಲು ದೊಡ್ಡದು.

ಮೆದುಳಿನ ಮೇಲ್ಮೈಯ ದೊಡ್ಡ ವಿಭಾಗಗಳಿಗೆ ಹಾಲೆಗಳೆಂದು ಹೆಸರು. ಆ ಕಾಲುವೆಯ ಮುಂದೆ ಹಣೆಯವರೆಗೆ ಇರುವುದು ಫ್ರಾಂಟಲ್ ಹಾಲೆ: ಯೋಜನೆ, ಸಂಯಮ, ನಡವಳಿಕೆ. ಹಿಂದೆ ಪರೈಟಲ್. ಕಿವಿಯ ಮೇಲ್ಗಡೆ, ಕಪಾಳದೊಳಗೆ, ಕೇಳುವ ಮತ್ತು ನೆನಪಿನ ಟೆಂಪೊರಲ್. ಹಿಂದಲೆಯ ಉಬ್ಬಿನ ಮೇಲ್ಗಡೆ ನೋಟದ ಆಕ್ಸಿಪಿಟಲ್. ಉಬ್ಬಿನ ಕೆಳಗಡೆ ಅನುಮಸ್ತಿಷ್ಕ; ಗಾತ್ರದಲ್ಲಿ ಮೆದುಳಿನ ಹತ್ತನೆಯ ಒಂದು ಭಾಗವಷ್ಟೇ ಇದ್ದರೂ, ಮನುಷ್ಯನ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ ಐದನೆಯ ನಾಲ್ಕು ಪಾಲು ಅದರಲ್ಲೇ ಇವೆ. ಸೈಕಲ್ಲಿನ ಸಮತೋಲ, ರಾಗಿಮುದ್ದೆಯನ್ನು ತಿರುವಿ ಉಂಡೆ ಕಟ್ಟುವ ಕೈಯ ಹದ, ಎರಡೂ ಅದರ ಪಾಲಿನ ಕೆಲಸ.

ಎಂಟನೆಯ ಹೆಜ್ಜೆ: ಕುರಿಯ ಮೆದುಳು

ಮಟನ್ ಅಂಗಡಿಯಲ್ಲಿ ತಲೆ ಒಡೆಯುವಾಗ ಮೆದುಳನ್ನು ಚೂರಾಗದಂತೆ ತೆಗೆದುಕೊಡಲು ಕೇಳಿಕೊಳ್ಳಿ. ತಾಜಾ ಮೆದುಳು ಬೆಣ್ಣೆಯಂತೆ ಬೆರಳಿಗೆ ಮೆತ್ತಿಕೊಳ್ಳುವುದರಿಂದ, ಕೈಗವಸು ಹಾಕಿಕೊಂಡು, ಅದನ್ನು ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಮುಳುಗಿಸಿ ಒಲೆಯಿಂದ ದೂರ ನಾಲ್ಕೈದು ದಿನ ಇಡಿ, ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ಅಂಗಡಿಯವನು ತಲೆಯನ್ನು ನಟ್ಟನಡುವೆ ಸೀಳಿ ಮೆದುಳನ್ನೂ ಎರಡು ಹೋಳಾಗಿಸಿಬಿಟ್ಟಿದ್ದರೆ ಬೇಸರ ಬೇಡ, ನಾವು ಮಾಡಬೇಕಿದ್ದ ಮೊದಲ ಕೊಯ್ತವೂ ಅದೇ.

ಹೋಳಿನ ಒಳಮುಖವನ್ನು ಬೆಳಕಿಗೆ ಹಿಡಿದರೆ, ಎಡಬಲಗಳನ್ನು ಬೆಸೆಯುವ ಬಿಳಿಯ ಪಟ್ಟಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಅದರ ಕೆಳಗೆ ಥಲಾಮಸ್. ವಾಸನೆಯೊಂದನ್ನು ಬಿಟ್ಟರೆ ಉಳಿದ ಇಂದ್ರಿಯಗಳ ಸುದ್ದಿಯೆಲ್ಲ ಇಲ್ಲಿ ನಿಂತೇ ಮುಂದೆ ಹೋಗುತ್ತದೆ. ಅದರಡಿಯ ಹೈಪೋಥಲಾಮಸ್ ಹಸಿವು, ಬಾಯಾರಿಕೆ, ಮೈಬಿಸಿಗಳನ್ನು ಕಾಯುತ್ತದೆ. ಅನುಮಸ್ತಿಷ್ಕದ ಕೊಯ್ತದಲ್ಲಿ ಬಿಳಿಯ ತಂತುಗಳು ನುಗ್ಗೆ ಎಲೆಯ ಗರಿಗಳಂತೆ ಕವಲೊಡೆದಿರುತ್ತವೆ. ಅಡ್ಡಲಾಗಿ ಒಂದು ಹೋಳು ಕತ್ತರಿಸಿ ನೋಡಿದಾಗ ಹುರಿಯಲ್ಲಿ ಕಲಿತದ್ದು ಇಲ್ಲಿ ತಿರುಗುಮುರುಗಾಗಿದೆ ಎಂಬುದು ಗೊತ್ತಾಗುತ್ತದೆ: ಬೂದು ಹೊರಗೆ, ಬಿಳಿ ಒಳಗೆ. ಕುರಿಯ ಮೆದುಳಿಗೂ ನಮ್ಮದಕ್ಕೂ ಇರುವ ವ್ಯತ್ಯಾಸವನ್ನೂ ಗಮನಿಸಿರಿ. ಕುರಿಯಲ್ಲಿ ಹುರಿ ಹಿಂದಕ್ಕೆ ಹೊರಡುತ್ತದೆ, ನೆಟ್ಟಗೆ ನಿಲ್ಲುವ ನಮ್ಮಲ್ಲಿ ಕೆಳಕ್ಕೆ. ವಾಸನೆಯ ಗಡ್ಡೆಗಳು ಕುರಿಯಲ್ಲಿ ಢಾಳಾಗಿ ಕಾಣುತ್ತವೆ, ನಮ್ಮಲ್ಲಿ ಹುಡುಕಬೇಕು.

ಕೊನೆಯ ಹೆಜ್ಜೆಗೆ ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರಿನ ಪ್ರಯಾಣವಿದೆ. ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೆದುಳಿನ ಸಂಗ್ರಹಾಲಯವೊಂದಿದ್ದು, ಅಲ್ಲಿ ಸಾರ್ವಜನಿಕರೂ ಮನುಷ್ಯರ ಮೆದುಳಿನ ಮಾದರಿಗಳನ್ನು ನೋಡಬಹುದು. ಹೊರಡುವ ಮುಂಚೆ ಪ್ರವೇಶದ ದಿನ ಮತ್ತು ವೇಳೆಯನ್ನು ವಿಚಾರಿಸಿಕೊಳ್ಳಿ. ನನ್ನ ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಎಲ್ಲರೂ ಮೊದಲು ಮೇಲಿನ ಮಡಿಕೆಗಳನ್ನೇ ನೋಡುತ್ತ ನಿಲ್ಲುತ್ತಾರೆ. ನಾನು ಅವರನ್ನು ಬಗ್ಗಿಸಿ ತಳವನ್ನು ನೋಡಲು ಹೇಳುತ್ತೇನೆ. ಅಲ್ಲಿ, ಅನುಮಸ್ತಿಷ್ಕದ ಮುಂದೆ, ಕಿರುಬೆರಳಿನ ದಪ್ಪದ ಒಂದು ಮೋಟು ಇರುತ್ತದೆ. ಸೆಣಬಿನ ಹುರಿಯನ್ನು ನಾವು ಕಾಗದದ ಪಟ್ಟಿಯ ತಲೆಗೆ ಹೊಂದಿಸಿ ಇಳಿಬಿಟ್ಟ ಜಾಗ ಅದು.